ಅತ್ತಿಗೆಯ ಅಳತೆಗೆ ಕೂರದ ಪದ್ಯ

ಮಾರ್ಚ್ 3, ಸೋಮವಾರ

ಪುಸ್ತಕ ಬರುತ್ತದೆ! ನನ್ನ ಪುಸ್ತಕ! ಇದನ್ನೇ ಪುಟದ ತುಂಬ ಬರೆಯಬೇಕು ಎನ್ನಿಸುತ್ತಿದೆ, ಆದರೆ ಸಂಭ್ರಮಕ್ಕೂ ಒಂದು ಮಿತಿ ಬೇಕಲ್ಲ.

ಬೆಳಿಗ್ಗೆ ಹನ್ನೊಂದಕ್ಕೆ ಫೋನ್ ಬಂದಾಗ ಬಾಯಲ್ಲಿ ನಾಲ್ಕು ಗುಂಡುಸೂಜಿ ಕಚ್ಚಿಕೊಂಡು ಯಾರದೋ ಕೋಟಿನ ಅಂಚು ಮಡಚುತ್ತಿದ್ದೆ. "ಯಾರು" ಎನ್ನುವ ಬದಲು "ಉಂ" ಎಂದೆ. ಪ್ರಕಾಶಕರು! ಹೋದ ವಾರ ಪತ್ರಿಕೆಯಲ್ಲಿ ಬಂದ ನನ್ನ 'ಪುಟ್ಟ ಅಂಗಿಗಳು' ಪದ್ಯ ಓದಿ ಅವರ ಮನೆಯಾಕೆ ಅತ್ತುಬಿಟ್ಟರಂತೆ. "ಇಂಥವು ನಲವತ್ತು ಕೊಡಿ, ಪುಸ್ತಕ ಮಾಡೋಣ. ಹೆಸರೂ ಅದೇ ಇರಲಿ. ಏಪ್ರಿಲ್ ಹತ್ತು ಕೊನೇ ದಿನ," ಎಂದರು. ನನ್ನ ಹತ್ತಿರ ಇರುವುದು ಮೂವತ್ತೊಂದು. ಒಂಬತ್ತು ಪದ್ಯಕ್ಕೆ ಮೂವತ್ತೆಂಟು ದಿನ. ಒಂದು ಕೋಟನ್ನೇ ನಾಲ್ಕು ದಿನದಲ್ಲಿ ಮುಗಿಸುವವಳು ನಾನು, ಪದ್ಯ ಯಾವ ಮಹಾ!

ಅತ್ತಿಗೆಗೆ ಹೇಳಿದೆ. ಅಂಗಡಿ ಅತ್ತಿಗೆಯದು, ಕತ್ತರಿ ಅತ್ತಿಗೆಯದು, ನನಗೆ ಸೂಜಿ ಹಿಡಿಯಲು ಕಲಿಸಿದ್ದೂ ಅತ್ತಿಗೆಯೇ. ಹದಿನಾಲ್ಕು ವರ್ಷದ ಹಿಂದೆ ಗಂಡನ ಮನೆ ಬಿಟ್ಟು ಒಂದು ಸೂಟ್‌ಕೇಸಿನೊಂದಿಗೆ ಅಣ್ಣನ ಮನೆಗೆ ಬಂದಾಗ ಎಲ್ಲರೂ ಯಾಕೆ, ಏನು ಎಂದು ತಲೆ ತಿಂದರು. ಅತ್ತಿಗೆ ಮಾತ್ರ "ಗುಂಡಿಗೆ ಕಾಜಾ ಹಾಕೋಕೆ ಬರತ್ತಾ?" ಎಂದು ಕೇಳಿದ್ದರು. ಇವತ್ತೂ ಅಷ್ಟೇ. "ಒಳ್ಳೇದಾಯ್ತು ಕಣೇ. ಆ ಕೋಟು ಐದು ಗಂಟೆಗೆ ಬೇಕಂತೆ," ಎಂದರು.

ಪದ್ಯ ಅವರ ಮೇಲೆಯೇ ಬರೆದದ್ದು ಎಂದು ಹೇಳಲು ಬಾಯಿ ಬರಲಿಲ್ಲ. ಅತ್ತಿಗೆ ಪತ್ರಿಕೆ ಬಿಡಿಸುವುದು ಅದರ ಮೇಲೆ ಗೆರೆ ಎಳೆದು ತೋಳಿನ ಮಾದರಿ ಕತ್ತರಿಸಲು ಮಾತ್ರ. ಆದರೆ ಅಂಗಡಿಗೆ ಬಂದವರೆಲ್ಲ ನೋಡುತ್ತಾರಲ್ಲ, ಬಾಗಿಲ ಪಕ್ಕದ ತಂತಿಯಲ್ಲಿ ತೂಗುವ ಒಂದೊಂದು ಗೇಣಿನ ಅಂಗಿ, ಫ್ರಾಕು, ಕೋಟುಗಳನ್ನು! ಮದುವೆಯಾಗಿ ಇಪ್ಪತ್ತೆರಡು ವರ್ಷ ಮಕ್ಕಳಾಗದ ಹೆಂಗಸು ಚೂರು ಬಟ್ಟೆಯಲ್ಲಿ ಹೊಲಿದವು. ನೋಡಿದರೆ ಯಾರ ಕರುಳು ಚುರುಕ್ ಎನ್ನುವುದಿಲ್ಲ? ಮೊದಲ ನಾಲ್ಕು ಸಾಲನ್ನು ನನ್ನ ಖುಷಿಗೆ ಇಲ್ಲೊಮ್ಮೆ ಬರೆದುಕೊಳ್ಳುತ್ತೇನೆ.

ಕತ್ತರಿಸಿ ಉಳಿದ ಚೂರಿನಲ್ಲಿ
ಬಾರದ ಕೂಸಿಗೆ ಅಂಗಿ ಹೊಲಿದಳು;
ಕೊರಳು ಇಟ್ಟಳು, ತೋಳು ಇಟ್ಟಳು,
ತೊಡುವವರಿಲ್ಲದೆ ತೂಗುಹಾಕಿದಳು.

ಚೆನ್ನಾಗಿದೆ. ನಾನೇ ಹೇಳಬಾರದು, ಆದರೆ ಇಲ್ಲಿ ಇನ್ಯಾರಿದ್ದಾರೆ ಹೇಳಲು?

ಮಾರ್ಚ್ 6, ಗುರುವಾರ

ಇವತ್ತಿನ ಎಡವಟ್ಟು ಕೇಳಬೇಕು! ಹೊಲಿದ ಪ್ರತಿ ಬಟ್ಟೆಯ ಕಾಲರಿಗೆ ಅಳತೆಯ ಚೀಟಿ ಚುಚ್ಚಿಟ್ಟಿರುತ್ತೇವೆ. ಗಿರಾಕಿಗೆ ಕೊಡುವಾಗ ಬಿಚ್ಚಿಟ್ಟುಕೊಳ್ಳಬೇಕು. ನಾನು ಪದ್ಯ ಬರೆಯುವುದು ಆ ಚೀಟಿಗಳ ಬೆನ್ನ ಮೇಲೆ. ಮೊನ್ನೆ ನರ್ಸಮ್ಮನ ಯೂನಿಫಾರಂ ಚೀಟಿಯ ಸಮೇತ ಹೋಗಿಬಿಟ್ಟಿದೆ. ಅದರ ಬೆನ್ನಿಗೆ ಇದ್ದದ್ದು ನರ್ಸಮ್ಮನ ಮೇಲಿನ ಪದ್ಯವೇ!

ಮಧ್ಯಾಹ್ನ ದುಡುದುಡು ಬಂದರು. "ಇದನ್ನ ಬರೆದೋರು ಯಾರು?" ಅತ್ತಿಗೆ ಕೈಲಿದ್ದ ಚಾಕ್ ಅನ್ನು ನನ್ನ ಕಡೆ ತೋರಿಸಿದರು. ನರ್ಸಮ್ಮ ಅಂಗಡಿ ತುಂಬ ಕೇಳುವಂತೆ ಓದಿದರು: "'ಎಡಹೆಗಲು ಒಂದು ಬೆರಳು ಕೆಳಗೆ, ಯಾವ ದುಃಖ ಹೊತ್ತು ಬಾಗಿತೋ.' ಯಾವ ದುಃಖವೂ ಇಲ್ಲ ತಾಯಿ. ಇಪ್ಪತ್ತೇಳು ವರ್ಷ ದಢೂತಿ ಗಂಡಸರನ್ನೆಲ್ಲ ಈ ಹೆಗಲು ಕೊಟ್ಟು ಎಬ್ಬಿಸಿ ಕೂರಿಸಿದೀನಿ. ನನಗೆ ಇದರ ಮೇಲೆ ಜಂಬ. ದುಃಖ ತೆಗೆದು ಜಂಬ ಹಾಕಿ. ಯಾವಾಗ ಬರಲಿ?"

ಪದ್ಯಕ್ಕೂ ಆಲ್ಟರೇಶನ್ನಾ! ಸಿಟ್ಟು ನೆತ್ತಿಗೇರಿತು. ಕವಿಗೆ ಕಂಡದ್ದು ಗಿರಾಕಿಗೆ ಕಂಡೀತೇ? ಆಮೇಲೆ ಬಾಬಿನ್‌ಗೆ ದಾರ ಸುತ್ತುತ್ತ ಸುಮ್ಮನೆ 'ಜಂಬ' ಹಾಕಿ ನೋಡಿದೆ. ಸಾಲು ಎದ್ದು ನಿಂತಿತು! ಇದು ನನಗೆ ಮೊದಲೇ ಹೊಳೆದಿದ್ದು, ಅವಸರದಲ್ಲಿ ಬಿಟ್ಟುಹೋಗಿತ್ತು ಎಂದು ಕಾಣುತ್ತದೆ.

ಮೂವತ್ತೆರಡು ಆಯಿತು.

ಮಾರ್ಚ್ 8, ಶನಿವಾರ

ಪದ್ಯ ಬೀದಿಯೆಲ್ಲ ಹಬ್ಬಿದೆ! ಶಾಲೆಯ ಟೀಚರ್ ಪತ್ರಿಕೆಯ ಆ ಪುಟವನ್ನು ಕತ್ತರಿಸಿ ಪರ್ಸಿನಲ್ಲಿಟ್ಟುಕೊಂಡು ಬಂದಿದ್ದರು. ಸೀದಾ ಅತ್ತಿಗೆಯ ಕೈ ಹಿಡಿದು "ಎಷ್ಟು ನೋವು ನುಂಗಿಕೊಂಡಿದ್ರಮ್ಮ, ನಮಗೆ ಗೊತ್ತೇ ಆಗಲಿಲ್ಲ," ಎಂದು ಕಣ್ಣೊರೆಸಿಕೊಂಡರು. ಅತ್ತಿಗೆಗೆ ತಲೆಬುಡ ತಿಳಿಯಲಿಲ್ಲ. ಟೀಚರ್ ಪುಟ ಕೊಟ್ಟರು.

ಅತ್ತಿಗೆ ನಿಂತುಕೊಂಡೇ ಓದಿದರು. ಎರಡು ಸಲ ಓದಿದರು! ಓದಿ ಮಡಚಿ ಟೀಚರಿಗೆ ವಾಪಸು ಕೊಟ್ಟರು. ಒಂದೂ ಮಾತಾಡಲಿಲ್ಲ. ಮಾತು ಹೊರಡದಷ್ಟು ಮನಸ್ಸಿಗೆ ನಾಟಿದೆ. ಒಬ್ಬ ಕವಿಗೆ ಇದಕ್ಕಿಂತ ದೊಡ್ಡ ಬಹುಮಾನ ಯಾವುದು?

ಮಾರ್ಚ್ 11, ಮಂಗಳವಾರ

ಇನ್ನೂ ಮಾತಿಲ್ಲ. "ಕತ್ತರಿ", "ಅಸ್ತರು", "ಊಟ" ಇಷ್ಟೇ. ತುಂಬ ಕದಡಿಹೋಗಿದ್ದಾರೆ, ಪಾಪ. ಎರಡು ಪದ್ಯ ಬರೆದೆ.

ಮಾರ್ಚ್ 15, ಶನಿವಾರ

ಬೆಳಿಗ್ಗೆ ಬಾಗಿಲು ತೆಗೆದರೆ ತಂತಿ ಖಾಲಿ! ಪುಟ್ಟ ಅಂಗಿಗಳೆಲ್ಲ ಮಾಯ. ಕೇಳಿದ್ದಕ್ಕೆ ಅತ್ತಿಗೆ "ಒಗೆಯೋಕೆ ಹಾಕಿದೀನಿ," ಎಂದರು. ನೋಡಲೆಂದೇ ಬಂದ ಇಬ್ಬರು ಹೆಂಗಸರು ಸಪ್ಪೆ ಮುಖ ಹಾಕಿಕೊಂಡು ಹೋದರು. ನನಗೂ ಬೇಜಾರಾಯಿತು.

ಇವತ್ತು ಒಂದು ತಮಾಷೆ. ಸಂಗೀತ ಕಲಿಯುವ ಹುಡುಗಿಯೊಬ್ಬಳಿಗೆ ಕೋಟು ಬೇಕಿತ್ತು, ಅಳತೆಗೆ ಅವಳು ಬಂದಿರಲಿಲ್ಲ, ಅಪ್ಪ ಬಂದಿದ್ದರು. "ಹದಿನಾಲ್ಕು ವರ್ಷ, ಸಾಧಾರಣ ಮೈಕಟ್ಟು," ಎಂದರು. ನಾನು ಟೇಪು ಮುಟ್ಟದೆ ಹೆಗಲು, ತೋಳು, ಉದ್ದ ಎಲ್ಲ ಪಟಪಟ ಹೇಳಿ ಬರೆಸಿದೆ. ಸಂಜೆ ಹುಡುಗಿ ಬಂದಾಗ ಅತ್ತಿಗೆ ಅಳೆದು ನೋಡಿದರು. ಬರೀ ಅರ್ಧ ಇಂಚಿನ ವ್ಯತ್ಯಾಸ! ಅನುಭವ ಎಂದರೆ ಇದು. ಅತ್ತಿಗೆ ಮಾತ್ರ ನನ್ನ ಮುಖವನ್ನು ಬಹಳ ಹೊತ್ತು ನೋಡಿದರು. ಹೊಟ್ಟೆಕಿಚ್ಚು ಇದ್ದರೂ ಇರಬಹುದು.

ಮಾರ್ಚ್ 18, ಮಂಗಳವಾರ

ಮುಖಪುಟ ಬಂತು! ತಂತಿಯಲ್ಲಿ ತೂಗುವ ಒಂದು ಪುಟ್ಟ ಅಂಗಿ, ಕೆಳಗೆ ನನ್ನ ಹೆಸರು. ಏಪ್ರಿಲ್ ಐದಕ್ಕೆ ವಾಚನಾಲಯದಲ್ಲಿ ನಾನು ಪದ್ಯ ಓದಬೇಕಂತೆ, ಪುಸ್ತಕಕ್ಕೆ ಮುಂಗಡ ಗಿರಾಕಿಗಳು ಸಿಗಲಿ ಎಂದು.

ಮನೆಯಲ್ಲಿ ಎಲ್ಲರಿಗೂ ತೋರಿಸಿದೆ. ಅಂಚೆ ಕಚೇರಿಯಿಂದ ಆಗಷ್ಟೇ ಬಂದಿದ್ದ ಅಣ್ಣ "ಕವಯಿತ್ರಿಯವರೇ, ನಿಮ್ಮ ಚಿತ್ರದ ಸ್ಟಾಂಪು ಯಾವಾಗ ಮಾರಲಿ?" ಎಂದು ಕಾಲೆಳೆದ. ಅಮ್ಮ ಮುಖಪುಟವನ್ನು ಸವರಿ, ಅತ್ತಿಗೆ ಅಲ್ಲೇ ಇದ್ದರೂ, "ಪಾಪ, ದೇವರು ಕೊಡಲಿಲ್ಲ. ಕೊಟ್ಟಿದ್ರೆ ಇದನ್ನ ಹಾಕ್ಕೊಳ್ಳೋಕೆ ಒಂದು ಮಗು ಇರ್ತಿತ್ತು," ಎಂದರು. ಇಪ್ಪತ್ತೆರಡು ವರ್ಷದಿಂದ ಬಂದವರಿಗೆಲ್ಲ ಹೇಳುವ ಮಾತು. ಅತ್ತಿಗೆ ಎದ್ದು ಹೋಗಿ ಪಾತ್ರೆ ತೊಳೆಯತೊಡಗಿದರು. ಆಗಲೇ ತೊಳೆದಿಟ್ಟ ಪಾತ್ರೆಗಳು.

ಮಾರ್ಚ್ 20, ಗುರುವಾರ

ಇದನ್ನು ಇವತ್ತೇ ಬರೆಯಬೇಕು. ಅತ್ತಿಗೆ ಬಾಯಿ ಬಿಟ್ಟರು.

ಮಧ್ಯಾಹ್ನ ಗಿರಾಕಿಗಳಿರಲಿಲ್ಲ. ಕತ್ತರಿಸುವ ಮೇಜಿನ ಆ ಬದಿಗೆ ಅವರು, ಈ ಬದಿಗೆ ನಾನು. ಪುಟ್ಟ ಅಂಗಿಗಳ ಗಂಟನ್ನು ತಂದು ಮೇಜಿನ ಮೇಲೆ ಸುರಿದರು. ಒಂದು ಕೋಟನ್ನು ಎತ್ತಿ ಒಳಮಗ್ಗುಲು ತಿರುವಿದರು.

"ಇದರ ಕಾಲರ್ ನೋಡು. ಏನಿದು?"

"ಮಡಿಕೆ ಕಾಲರ್."

"ಹದಿನೆಂಟು ವರ್ಷದ ಹಿಂದೆ ಈ ಕಾಲರ್ ಈ ಬೀದೀಲಿ ಯಾರಿಗೂ ಬರ್ತಿರಲಿಲ್ಲ. ಗಿರಾಕಿಯ ದುಬಾರಿ ಬಟ್ಟೆ ಹಾಳು ಮಾಡಿ ಕಲಿಯೋಕಾಗತ್ತಾ? ಚೂರಲ್ಲಿ ಚಿಕ್ಕದಾಗಿ ಹೊಲಿದು ನೋಡಿದೆ. ಐದು ಸಲ ಕೆಟ್ಟಿತು, ಆರನೇದು ಇದು. ಇದು ಓರೆ ನೆರಿಗೆ. ಇದು ಹೊಲಿಗೆ ಕಾಣದ ತೋಳು. ಇದೆಲ್ಲ ನನ್ನ ಕಲಿಕೆ ಕಣೇ. ಗೆದ್ದಿದ್ದನ್ನ ತೂಗುಹಾಕಿದೆ. ನೀನು ಬಂದು ಒಂದೊಂದರಲ್ಲೂ ಒಂದೊಂದು ಕೂಸು ಕೂರಿಸಿಬಿಟ್ಟೆ."

ನಾನು "ಆದರೂ ಮನಸ್ಸಿನ ಮೂಲೇಲಿ ಎಲ್ಲೋ..." ಎಂದೆ. ಮೂರ್ಖಳು ನಾನು.

"ಯಾವ ಮೂಲೇಲೂ ಇಲ್ಲ. ನನಗೆ ಮಕ್ಕಳು ಬೇಕು ಅಂತ ಒಂದು ದಿನಾನೂ ಅನ್ನಿಸಲಿಲ್ಲ. ಹಾಗಂದಿದ್ರೆ ಈ ಮನೇಲಿ ಇಟ್ಕೋತಿದ್ರಾ? ದೇವರು ಕೊಡಲಿಲ್ಲ ಅಂದ್ರೆ ಪಾಪ ಅಂತಾರೆ. ಬೇಡ ಅಂದ್ರೆ ರಾಕ್ಷಸಿ ಅಂತಾರೆ. ಪಾಪ ಅನ್ನಿಸಿಕೊಂಡು ನನ್ನ ಪಾಡಿಗೆ ಹೊಲಿದೆ. ಈಗ ನೀನು ಆ ಪಾಪವನ್ನ ಅಚ್ಚು ಹಾಕಿಸ್ತಿದೀಯ."

ಆಮೇಲೆ ಮೆಲ್ಲಗೆ, ಗಿರಾಕಿಗೆ ತಪ್ಪು ತೋರಿಸುವ ದನಿಯಲ್ಲಿ ಹೇಳಿದರು: "ಪದ್ಯ ಕೆಟ್ಟದಾಗಿದೆ ಅನ್ನಲ್ಲ. ಅಳು ನಿಜವಾದದ್ದೇ. ಆದ್ರೆ ಅದು ನನ್ನ ಅಳತೆಗೆ ಹೊಲಿದಿದ್ದಲ್ಲ. ಯಾರ ಅಳತೆ ತಗೊಂಡು ಹೊಲಿದೆ, ನೋಡ್ಕೋ."

ಈ ವಿಷಯ ಎಲ್ಲಾದರೂ ಬರೆದರೆ ಜೋಕೆ ಎಂದಿದ್ದಾರೆ. ಡೈರಿಯಲ್ಲಿ ಬರೆದರೆ ಬರೆದಂತಲ್ಲ.

ಮಾರ್ಚ್ 21, ಶುಕ್ರವಾರ

ಹಾಗಾದರೆ ಊರೆಲ್ಲ ಅತ್ತದ್ದು ಯಾತಕ್ಕೆ? ಊರು ಅಳಲು ಕಾಯುತ್ತಿತ್ತು, ನಾನು ಜಾಗ ತೋರಿಸಿದೆ. ಅಮ್ಮನ 'ಪಾಪ'ಕ್ಕೆ ಪ್ರಾಸ ಕೂಡಿಸಿದೆ, ಅಷ್ಟೇ.

ಮಾರ್ಚ್ 25, ಮಂಗಳವಾರ

ಪ್ರಕಾಶಕರಿಗೆ ಆ ಪದ್ಯ ಬೇಡ ಎಂದೆ. ಅವರು ನಕ್ಕರು. ತಮಾಷೆಯಲ್ಲ ಎಂದು ಗೊತ್ತಾದ ಮೇಲೆ ನಗು ನಿಂತಿತು. "ಮುಖಪುಟ ಅದು, ಹೆಸರು ಅದು, ಜನ ಕೇಳ್ತಿರೋದು ಅದು. ಆ ಪದ್ಯ ಇಲ್ಲ ಅಂದ್ರೆ ಪುಸ್ತಕವೂ ಇಲ್ಲ, ಅಮ್ಮಾ."

ನಲವತ್ತೊಂದು ವರ್ಷಕ್ಕೆ ಬಂದ ಒಂದೇ ಒಂದು ಪುಸ್ತಕ. ಅಂಗಡಿಗೆ ವಾಪಸಾಗಿ ನಾಚಿಕೆ ಬಿಟ್ಟು ಅತ್ತಿಗೆಯನ್ನು ಕೇಳಿದೆ. "ಬೇರೆ ಯಾರದೋ ಕಥೆ ಅಂದ್ಕೊಳ್ಳಲಿ ಬಿಡಿ ಅತ್ತಿಗೆ. ಹಾಕಿಬಿಡಲಾ?"

"ಹಾಕು. ಬೇಡ ಅನ್ನಲ್ಲ. ನಿನ್ನ ಪುಸ್ತಕ ನಿನ್ನದು," ಎಂದರು, ತಲೆ ಎತ್ತದೆ. "ಆದ್ರೆ ಮೇಜು ಬೇರೆ ಮಾಡ್ಕೊಳ್ಳೋಣ. ದಿನಾ ಬೆಳಗ್ಗೆ ನಿನ್ನ ಎದುರಿಗೆ ನಿಂತು ಪಾಪದವಳಾಗಿ ಬಟ್ಟೆ ಕತ್ತರಿಸೋಕೆ ನನ್ನ ಕೈಲಾಗಲ್ಲ."

ಹದಿನಾಲ್ಕು ವರ್ಷ ಒಂದೇ ಮೇಜು. ಆ ಬದಿಯಿಂದ ಅವರು ಚಾಕಿನ ಗೆರೆ ಎಳೆದರೆ ಈ ಬದಿಯಿಂದ ನಾನು ಬಟ್ಟೆ ಹಿಡಿದುಕೊಳ್ಳುತ್ತೇನೆ. ಇನ್ನೊಂದು ಮೇಜಿಗೆ ಅಂಗಡಿಯಲ್ಲಿ ಜಾಗವೂ ಇಲ್ಲ ಎಂದೆ. "ಮಾಡಿದ್ರೆ ಆಗತ್ತೆ," ಎಂದರು.

ಮಾರ್ಚ್ 29, ಶನಿವಾರ

ಬರೆದೆ, ಹರಿದೆ. ಬರೆದೆ, ಹರಿದೆ. ನರ್ಸಮ್ಮ ಬಂದಿದ್ದರು. ಜಂಬದ ಪದ್ಯ ಓದಿ ಹೇಳಿದೆ. ಇನ್ನೊಂದು ಸಲ ಓದಿ ಎಂದರು, ಓದಿದೆ. "ಈಗ ಸರಿಯಾಗಿ ಕೂತಿದೆ," ಎಂದು ಎಡಹೆಗಲು ಕುಣಿಸುತ್ತ ಹೋದರು. ಬರೀ ಇದಕ್ಕೇ ಮನಸ್ಸು ಅರ್ಧ ಗಂಟೆ ಹಾರಾಡಿತು.

ಏಪ್ರಿಲ್ 2, ಬುಧವಾರ

ಗೊತ್ತಾಯಿತು! ಗೊತ್ತಾಯಿತು!

ಹತ್ತು ಗಂಟೆಗೆ ಒಬ್ಬರು ಮೊಮ್ಮಗಳಿಗೆ ಫ್ರಾಕು ಹೇಳಲು ಬಂದರು. "ಒಂಬತ್ತು ವರ್ಷ," ಎಂದರು. ಅಳತೆ ನನ್ನ ಬಾಯಿಂದ ತಾನಾಗಿ ಬಂತು. ಬರೆಯುತ್ತ ಬರೆಯುತ್ತ ಕೈ ನಿಂತಿತು. ನನಗೆ ಒಂಬತ್ತರದು ಗೊತ್ತು, ಐದರದು ಗೊತ್ತು, ಎರಡರದು ಗೊತ್ತು, ಹದಿನಾಲ್ಕರದೂ ಗೊತ್ತು. ಹುಡುಗಿಯದು ಮಾತ್ರ. ಹುಡುಗರದಕ್ಕೆ ಟೇಪು ಬೇಕು. ಮತ್ತು ಅವೆಲ್ಲ ಬೇರೆ ಬೇರೆ ಹುಡುಗಿಯರಲ್ಲ, ಒಬ್ಬಳೇ.

ಗಂಡನ ಆ ಮನೆಯಲ್ಲಿ ನಾಲ್ಕು ತಿಂಗಳು ನನ್ನ ಒಡಲಲ್ಲಿದ್ದು ಹೋದವಳು. ಹೋದ ಮೂರನೇ ದಿನ ಅತ್ತೆ ನನ್ನನ್ನು ನೀರು ಸೇದಲು ಕಳಿಸಿದಳು, ಗಂಡ ಯಾವ ಮಾತೂ ಆಡಲಿಲ್ಲ, ವಾರ ಕಳೆದ ಮೇಲೆ ಸೂಟ್‌ಕೇಸು ಹಿಡಿದು ಹೊರಟೆ. ಇಲ್ಲಿ ಯಾರಿಗೂ ಹೇಳಲಿಲ್ಲ. ಹುಡುಗಿಯೋ ಹುಡುಗನೋ ಎಂದು ಯಾರೂ ನನಗೆ ಹೇಳಿರಲಿಲ್ಲ, ಹುಡುಗಿ ಎಂದು ನಾನೇ ತೀರ್ಮಾನ ಮಾಡಿದ್ದೆ. ಇದನ್ನು ಈ ಡೈರಿಯಲ್ಲೂ ಇವತ್ತೇ ಮೊದಲು ಬರೆಯುತ್ತಿರುವುದು. ಅಳು ಬರುತ್ತಿದೆ, ಜೊತೆಗೆ ಎಂಥದೋ ಹುರುಪು, ಎದ್ದು ಓಡಾಡುವಂಥದು. ಎರಡೂ ಒಟ್ಟಿಗೆ ಬರಬಹುದು ಎಂದು ನನಗೆ ತಿಳಿದಿರಲಿಲ್ಲ.

ಆ ಪದ್ಯದಿಂದ ಅತ್ತಿಗೆಯನ್ನು ಎಬ್ಬಿಸಿದೆ, ನಾನು ಕುಳಿತೆ. ಒಂದೇ ಏಟಿಗೆ ಬಂತು:

ಅವಳು ಹೊಲಿದದ್ದು ಅಂಗಿ.
ಒಳಗೆ ಕೂಸನ್ನು ಇಟ್ಟವಳು ನಾನು.
ಯಾರಿಗೂ ಕಾಣದಂತೆ ಬೆಳೆಸಿದೆ,
ವರ್ಷಕ್ಕೊಮ್ಮೆ ಅಳತೆ ಹೆಚ್ಚಿಸಿದೆ.

ಅಂಗಡಿ ಮುಚ್ಚುವ ಮುಂಚೆ ಅತ್ತಿಗೆಯ ಮುಂದಿಟ್ಟೆ. ಹೆಸರಿಲ್ಲದೆ ಬರೀ 'ಅವಳು' ಆಗಿ ಅವರು ಇದರಲ್ಲಿ ಇರಬಹುದೇ ಎಂದು ಕೇಳಿದೆ. ಓದಿದರು. ಚೀಟಿಯನ್ನು ಮೇಜಿನ ಮೇಲೆ ಬಟ್ಟೆಯ ಹಾಗೆ ಸವರಿ ನೇರ ಮಾಡಿದರು. "ಹದಿನಾಲ್ಕು ವರ್ಷ ಎದುರಿಗೆ ನಿಂತಿದ್ದೆನಲ್ಲೇ," ಎಂದರು. "ಒಂದು ಮಾತು ಹೇಳಬಾರದಿತ್ತಾ?"

"ನೀವು ಹೇಳಿದ್ರಾ?" ಎಂದೆ.

ಇಬ್ಬರಿಗೂ ನಗು ಬಂತು. ನಗಬೇಕಾದ ಹೊತ್ತಲ್ಲ, ಆದರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು.

ಏಪ್ರಿಲ್ 5, ಶನಿವಾರ

ವಾಚನಾಲಯ ತುಂಬಿತ್ತು. ಮುಂದಿನ ಸಾಲಿನಲ್ಲಿ ಟೀಚರ್ ಮತ್ತು ಗೆಳತಿಯರು ಕರವಸ್ತ್ರ ಹಿಡಿದು ಸಿದ್ಧರಾಗಿ ಕುಳಿತಿದ್ದರು. ಅವರ ಹಿಂದೆ ಅಣ್ಣ, ಅಮ್ಮ, ಅತ್ತಿಗೆ. ಪದ್ಯ ಬದಲಾದದ್ದನ್ನು ಪ್ರಕಾಶಕರಿಗೆ ಹೇಳಿರಲಿಲ್ಲ.

ಓದಿದೆ. ದನಿ ಒಂದು ಸಲ ಮಾತ್ರ ಒಡೆಯಿತು. ಮುಗಿದಾಗ ಕರವಸ್ತ್ರದವರಿಗೆ ಅಳಬೇಕೋ ಬೇಡವೋ ತಿಳಿಯಲಿಲ್ಲ, ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಹಿಂದಿನಿಂದ ನರ್ಸಮ್ಮನ ಚಪ್ಪಾಳೆ ಬಂತು, ಆಮೇಲೆ ಎಲ್ಲರದೂ. ಪ್ರಕಾಶಕರು "ಮೊದಲಿನದೇ ಸಲೀಸಾಗಿತ್ತು, ಮನೇಲಿ ಓದಿ ನೋಡಿ ಸೋಮವಾರ ಹೇಳ್ತೀನಿ," ಎಂದರು. ಅಮ್ಮ ದಾರಿಯುದ್ದಕ್ಕೂ ನನ್ನ ಮುಂಗೈ ಬಿಡಲಿಲ್ಲ. ಮನೆಯ ಬಾಗಿಲಲ್ಲಿ "ನಾನು ಬಂದು ನಿನ್ನ ಕರ್ಕೊಂಡು ಬರಬೇಕಿತ್ತು," ಎಂದರು. ನಾನು ಚಿಕ್ಕವಳಂತೆ ಅತ್ತುಬಿಟ್ಟೆ.

ಏಪ್ರಿಲ್ 10, ಗುರುವಾರ

ನಾಲ್ಕು ದಿನದಿಂದ ಹುಚ್ಚು ಹಿಡಿದಂತೆ ಬರೆಯುತ್ತಿದ್ದೇನೆ. ಟೀಚರದು ಒಂದು, ಸಂಗೀತದ ಹುಡುಗಿಯದು ಒಂದು. ಬರೆದದ್ದನ್ನು ಅವರವರಿಗೇ ಮೊದಲು ಓದಿ ಹೇಳುತ್ತೇನೆ. ಜಗಳವಾಗುತ್ತದೆ, ಮಜಾ ಬರುತ್ತದೆ. ಪ್ರಕಾಶಕರು ಸೋಮವಾರ ಫೋನ್ ಮಾಡುತ್ತೇನೆ ಎಂದಿದ್ದರು, ಇವತ್ತು ಗುರುವಾರ, ಅವರು ಕೊಟ್ಟ ಕೊನೇ ದಿನ. ಈಗ ಬರೆಯುವಾಗ ನೆನಪಾಯಿತು.

ಬೆಳಿಗ್ಗೆ ಚಹಾ ಕುಡಿಯುತ್ತಿದ್ದೆವು. ಅಣ್ಣ ಪತ್ರಿಕೆ ಹಿಡಿದಿದ್ದ. ಪಕ್ಕದ ಮನೆಗೆ ಹೊಸದಾಗಿ ಬಂದಾಕೆ ಪರಿಚಯಕ್ಕೆಂದು ಬಂದು ಹೋಗಿದ್ದರು. ಆಕೆಗೆ ಹೇಳಿದ್ದನ್ನೇ ಆಕೆ ಹೋದ ಮೇಲೂ ಅಮ್ಮ "ಪಾಪ, ನಮ್ಮ ಸೊಸೆಗೆ ದೇವರು..." ಎಂದು ಶುರು ಮಾಡಿದರು.

ಅತ್ತಿಗೆ ನನ್ನ ಕಡೆ ತಿರುಗಿ "ಚೀಟಿ ಇದೆಯಾ?" ಎಂದರು. ಇತ್ತು.

"ನನ್ನ ಪದ್ಯ ಇವತ್ತು ಬರಿ. ನಾನೇ ಹೇಳ್ತೀನಿ, ನೀನು ಏನೂ ಸೇರಿಸಬೇಡ." ಅಂಗಡಿಯಲ್ಲಿ ಗಿರಾಕಿಯನ್ನು ಕೂಗುವ ದನಿ, ಒಂದು ಚೂರೂ ನಡುಗಲಿಲ್ಲ. "ಮೊದಲನೇ ಸಾಲು. ನನಗೆ ಮಕ್ಕಳು ಬೇಕಿರಲಿಲ್ಲ, ಹೊಲಿಗೆ ಬೇಕಿತ್ತು."

ಅಮ್ಮ ಲೋಟವನ್ನು ಕೆಳಗಿಡಲಿಲ್ಲ, ಕುಡಿಯಲೂ ಇಲ್ಲ. ನನ್ನ ಪೆನ್ನು ಅಲ್ಲೇ ನಿಂತಿತು. ಅಣ್ಣ ಪತ್ರಿಕೆಯನ್ನು ನಿಧಾನಕ್ಕೆ ಮಡಚಿದ.

"ನನಗೆ ಗೊತ್ತಿತ್ತು," ಎಂದ. "ಮೆಷಿನ್ನಿನ ಡ್ರಾಯರಲ್ಲಿ ಮಕ್ಕಳಾಗದಿರೋ ಮಾತ್ರೆ ನೋಡಿದ್ದೆ. ಮದುವೆಯಾದ ಮೊದಲನೇ ವರ್ಷವೇ."

ಅತ್ತಿಗೆ ಅವನನ್ನು ನೋಡಿದರು. ಅಷ್ಟು ವರ್ಷ ಒಂದೇ ಮೇಜಿಗೆ ನಿಂತವಳು ನಾನು, ಆ ಮುಖ ಕಂಡಿರಲಿಲ್ಲ.

"ಗೊತ್ತಿತ್ತಾ? ನಿಮ್ಮಮ್ಮ ನನ್ನ ಆಸ್ಪತ್ರೆ ಆಸ್ಪತ್ರೆ ಸುತ್ತಿಸಿದಾಗ? ಬಂದವರೆಲ್ಲ ನನ್ನ ಹೊಟ್ಟೆ ನೋಡಿ ನಿಟ್ಟುಸಿರು ಬಿಟ್ಟಾಗ? ಆಗೆಲ್ಲ ಗೊತ್ತಿದ್ದೂ ಸುಮ್ಮನಿದ್ರಾ?"

ಅಣ್ಣ ತಲೆ ತಗ್ಗಿಸಿದ. "ಇದ್ದೆ," ಎಂದ.

ಅತ್ತಿಗೆ ನನ್ನ ಕಡೆ ತಿರುಗಿದರು.

"ಅದು ಎರಡನೇ ಸಾಲು. ಬರ್ಕೋ."

ಬರೆದುಕೊಂಡೆ.